ಮನೆಗೊಂದು ಮೂಗು

ಭದ್ರಾವತಿಯವರಾದ ನಮಗೆ ವಾಸನೆಯ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ನಾವು ಬಹಳ ಕಾಲ ನಂಬಿದ್ದೆವು. ನಾವು ಹುಟ್ಟಿ ಬೆಳೆದದ್ದೇ ಕಾಗದ ಕಾರ್ಖಾನೆಯ ಗಾಳಿಯಲ್ಲಿ. ಗಾಳಿ ನಮ್ಮ ಕೇರಿಯ ಕಡೆ ತಿರುಗಿದ ದಿನ ಬೇರೆ ಊರಿನಿಂದ ಬಂದ ನೆಂಟರು ಮೂಗಿಗೆ ಕರವಸ್ತ್ರ ಹಿಡಿದು, "ಇದೇನ್ರಪ್ಪಾ, ಕೋಸು ಕೊಳೆತ ಹಾಗೆ ನಾತ!" ಎನ್ನುತ್ತಿದ್ದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಎಲ್ಲಿ? ನಮಗೇನೂ ಬರ್ತಾ ಇಲ್ವಲ್ಲ" ಎನ್ನುತ್ತಿದ್ದೆವು. ಅದು ಊರಿನ ಅಭಿಮಾನದ ಮಾತಲ್ಲ, ನಿಜವಾಗಿಯೂ ನಮಗೆ ಬರುತ್ತಿರಲಿಲ್ಲ. ಆ ಕಾರ್ಖಾನೆಯ ಯಂತ್ರಗಳು ನಿಂತು ಈಗ ವರ್ಷಗಳೇ ಆದವು. ಕೆಲಸ ಕಳೆದುಕೊಂಡವರ ದುಃಖ ಹಾಗೇ ಇದೆ, ವಾಸನೆ ಮಾತ್ರ ಹೋಗಿದೆ. ಅದು ಹೋದ ಮೇಲೆಯೇ ನಮಗೆ ಗೊತ್ತಾದದ್ದು, ಅಲ್ಲೊಂದು ವಾಸನೆ ಇತ್ತು ಎಂದು.

ಇಂಥ ಊರಿನಲ್ಲಿ ನಮ್ಮ ಅಮ್ಮನ ಮೂಗು ಮಾತ್ರ ಬೇರೆಯೇ ಜಾತಿಯದು. ಹಾಲು ಉಕ್ಕುವ ಮೊದಲೇ ಹಿತ್ತಲಿನಲ್ಲಿದ್ದ ಅಮ್ಮನಿಗೆ ತಿಳಿಯುತ್ತಿತ್ತು. ಅಕ್ಕಿಯನ್ನು ಹಿಡಿಯಲ್ಲಿ ತೆಗೆದು ಮೂಗಿಗೆ ಹಿಡಿದು ಹಳೆಯದೋ ಹೊಸದೋ ಹೇಳುತ್ತಿದ್ದರು. ಪರೀಕ್ಷೆಯ ಹಿಂದಿನ ದಿನ ನಾವು ಕದ್ದು ಸಿನಿಮಾಕ್ಕೆ ಹೋಗಿ ಬಂದರೆ ಅಂಗಿ ಮೂಸಿ, "ಟಾಕೀಸಿನ ಬೀಡಿ ವಾಸನೆ" ಎಂದು ಹಿಡಿದುಬಿಡುತ್ತಿದ್ದರು. ಅಬ್ಬಾ ನಗುತ್ತಾ, "ಮನೆಗೊಂದು ನಾಯಿ ಬೇಡ, ನಿಮ್ಮ ಅಮ್ಮ ಇದ್ದಾಳೆ" ಎನ್ನುತ್ತಿದ್ದರು. ಅಮ್ಮ ಸೌಟು ಎತ್ತುತ್ತಿದ್ದರು.

ನಮ್ಮ ಮನೆಗೆ ಗ್ಯಾಸ್ ಬಂದದ್ದು 1993ರಲ್ಲಿ. ಅದಕ್ಕೆ ಮೊದಲು ಸಾಮಿಲ್ಲಿನಿಂದ ಚೀಲಗಟ್ಟಲೆ ತಂದ ಹೊಟ್ಟಿನ ಒಲೆ, ಅವಸರಕ್ಕೊಂದು ಸೀಮೆಎಣ್ಣೆ ಸ್ಟವ್ವು. ಗ್ಯಾಸಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದ ಮೇಲೆ ಕೆಂಪು ಸಿಲಿಂಡರ್ ಬಂದಾಗ ನಾವು ಮಕ್ಕಳು ಹಬ್ಬ ಮಾಡಿದೆವು. ಅಮ್ಮ ಮಾತ್ರ ಒಂದು ವಾರ ಅದರ ಹತ್ತಿರ ಹೋಗಲಿಲ್ಲ. "ಕಟ್ಟಿಗೆ ಬೆಂಕಿ ಕಣ್ಣಿಗೆ ಕಾಣುತ್ತೆ, ಹೊಗೆಯೂ ಕಾಣುತ್ತೆ. ಇದು ಕಾಣೋದೇ ಇಲ್ಲ" ಎನ್ನುವುದು ಅವರ ವಾದ. ಒಲೆ ಕೂಡಿಸಲು ಬಂದ ಮೆಕ್ಯಾನಿಕ್ ಸಮಾಧಾನ ಹೇಳಿದ್ದ: "ಕಾಣದಿದ್ರೇನಮ್ಮಾ, ವಾಸನೆ ಬರುತ್ತೆ. ವಾಸನೆ ಬಂದ ಕೂಡಲೇ ಬಂದ್ ಮಾಡಿ." ಹಾಗೆ ಹೇಳಿ ಅವನೇ ಕಡ್ಡಿ ಗೀರಿ, ಉರಿಯುವ ಕಡ್ಡಿಯನ್ನು ಪೈಪಿನ ಉದ್ದಕ್ಕೂ ಹಿಡಿದು, "ನೋಡಿ, ಎಲ್ಲೂ ಲೀಕ್ ಇಲ್ಲ" ಎಂದು ತೋರಿಸಿದ. ಲೀಕ್ ಇದ್ದಿದ್ದರೆ ತೋರಿಸಲು ಅವನೂ ಇರುತ್ತಿರಲಿಲ್ಲ, ನೋಡಲು ನಾವೂ ಇರುತ್ತಿರಲಿಲ್ಲ. ಆ ಕಾಲದಲ್ಲಿ ಅದು ಯಾರಿಗೂ ವಿಚಿತ್ರವೆನಿಸಲಿಲ್ಲ.

ಅಂದಿನಿಂದ ರಾತ್ರಿ ಮಲಗುವ ಮೊದಲು ರೆಗ್ಯುಲೇಟರ್ ಬಂದ್ ಮಾಡಿ, ಒಮ್ಮೆ ಬಗ್ಗಿ ಮೂಸಿ ಬರುವುದು ಅಮ್ಮನ ದಿನಚರಿಯಾಯಿತು. ಸುಮಾರು ಇಪ್ಪತ್ತೆಂಟು ವರ್ಷ ಆ ಮೂಗಿನ ಕಾವಲಿನಲ್ಲಿ ನಾವು ನಿಶ್ಚಿಂತೆಯಿಂದ ನಿದ್ದೆ ಮಾಡಿದೆವು.

2021ರ ಮೇ ತಿಂಗಳಿನಲ್ಲಿ, ಕೊರೋನಾದ ಎರಡನೆಯ ಅಲೆಯಲ್ಲಿ, ಅಮ್ಮನಿಗೆ ಜ್ವರ ಬಂತು. ಒಂಬತ್ತು ದಿನ ಆಸ್ಪತ್ರೆ. ಆ ದಿನಗಳ ಕತೆ ಎಲ್ಲರ ಮನೆಯದೂ ಒಂದೇ, ಇಲ್ಲಿ ಬರೆಯುವುದು ಬೇಡ. ಅಮ್ಮ ತಿರುಗಿ ಬಂದರು, ಅಷ್ಟೇ ಸಾಕಾಗಿತ್ತು. ತಿಂಗಳೊಳಗೆ ಅಡಿಗೆಮನೆಗೂ ಬಂದರು. ಆದರೆ ಕೈ ಸ್ವಲ್ಪ ತಪ್ಪುತ್ತಿತ್ತು. ಒಂದು ದಿನ ಈರುಳ್ಳಿ ಸೀದುಹೋಗಿರುತ್ತಿತ್ತು, ಇನ್ನೊಂದು ದಿನ ಸಾರಿಗೆ ಮಸಾಲೆ ಎರಡು ಪಟ್ಟು. ಹುಳಿ ಹಿಡಿದ ಅನ್ನವನ್ನು ಒಮ್ಮೆ ನಮಗೇ ಬಡಿಸಿದರು. "ಏನಮ್ಮಾ ಇದು, ವಾಸನೆ ನೋಡಲಿಲ್ವಾ?" ಎಂದು ನಾವು ತಟ್ಟೆ ಸರಿಸಿ ಎದ್ದೆವು. ಅಮ್ಮ ಏನೂ ಹೇಳಲಿಲ್ಲ. ವಯಸ್ಸಾಯಿತು, ಕಾಯಿಲೆಯ ಸುಸ್ತು ಎಂದು ನಾವೇ ಕಾರಣ ಕಟ್ಟಿಕೊಂಡೆವು.

ಮರುವರ್ಷದ ಜನವರಿಯ ಒಂದು ರಾತ್ರಿ. ಹಾಲು ಕಾಯಿಸುತ್ತಿದ್ದಾಗಲೇ ಸಿಲಿಂಡರ್ ಮುಗಿಯಿತು. ತುಂಬಿದ ಇನ್ನೊಂದು ಸಿಲಿಂಡರ್ ಮೂಲೆಯಲ್ಲಿತ್ತು. ಇಪ್ಪತ್ತು ದಿನಗಳ ಹಿಂದೆ ಡೆಲಿವರಿ ಹುಡುಗ ಗೇಟಿನೊಳಗೆ ಇಳಿಸಿ, ಸಹಿ ಹಾಕಿಸಿಕೊಂಡು ಹೋಗಿದ್ದ. ತೂಕವಿಲ್ಲ, ಪರೀಕ್ಷೆಯಿಲ್ಲ. ನಾವೂ ಕೇಳಿರಲಿಲ್ಲ. ನಮ್ಮಲ್ಲಿ ದೊಡ್ಡವನು ಕಿವಿಗೆ ಫೋನ್ ಸಿಕ್ಕಿಸಿಕೊಂಡೇ ರೆಗ್ಯುಲೇಟರ್ ಕೂಡಿಸಿ, ಒಲೆ ಹಚ್ಚಿ ನೋಡಿ, ಆರಿಸಿ ಬಂದ. ಸಣ್ಣಗೆ ವಾಸನೆ ಬಂದದ್ದು ಅವನಿಗೆ ನೆನಪಿದೆ. ಸಿಲಿಂಡರ್ ಬದಲಿಸುವಾಗ ಸ್ವಲ್ಪ ಬಂದೇ ಬರುತ್ತದಲ್ಲ ಅಂದುಕೊಂಡ. ಒಲೆಯ ಗುಂಡಿ ಆರಿಸಿದವನು ರೆಗ್ಯುಲೇಟರನ್ನು ಹಾಗೇ ಬಿಟ್ಟಿದ್ದ. ಅದು ಹೇಗೂ ಅಮ್ಮನ ಕೆಲಸ. ಅಮ್ಮ ಅಂದು ಮಂಡಿನೋವೆಂದು ಬೇಗ ಮಲಗಿದ್ದರು. ಚಳಿಗೆ ಕಿಟಕಿ ಮುಚ್ಚಿತ್ತು, ಇಲಿಯ ಕಾಟಕ್ಕೆ ಅಡಿಗೆಮನೆಯ ಬಾಗಿಲೂ ಮುಚ್ಚಿತ್ತು.

ಬೆಳಗಿನ ಐದು ಗಂಟೆಗೆ ಅಮ್ಮ ಎದ್ದು ಅಡಿಗೆಮನೆಗೆ ಹೋದರು. ಕರೆಂಟು ಉಳಿಸುವುದು ಅವರ ಹಳೆಯ ಚಾಳಿ, ಬೀದಿದೀಪದ ಬೆಳಕಿನಲ್ಲಿಯೇ ಚಹಾದ ಪಾತ್ರೆಗೆ ನೀರು ತುಂಬಿ ಒಲೆಯ ಮೇಲಿಟ್ಟರು. ಲೈಟರ್ ಹುಡುಕುತ್ತಿದ್ದರು.

ನಮ್ಮ ಮನೆಗೂ ಪಕ್ಕದ ಟೀಚರಮ್ಮನ ಮನೆಗೂ ನಡುವೆ ಮೂರಡಿಯ ಓಣಿ. ನಮ್ಮ ಅಡಿಗೆಮನೆಯ ನೆಲ ತೊಳೆದ ನೀರು ಹೋಗುವ ಕಂಡಿ ಆ ಓಣಿಗೆ ಬಾಯಿ ಬಿಟ್ಟಿದೆ. ನಿವೃತ್ತಿಯಾದ ಮೇಲೂ ನಾಲ್ಕೂವರೆಗೆ ಏಳುವ ಟೀಚರಮ್ಮ ಅಂಗಳಕ್ಕೆ ನೀರು ಹಾಕಲು ಕೊಡ ಹಿಡಿದು ಅಲ್ಲಿಗೆ ಬಂದವರು ಸಟ್ಟನೆ ನಿಂತರು. ಕಂಡಿಯಿಂದ ಗ್ಯಾಸಿನ ವಾಸನೆ ಹೊಳೆಯಂತೆ ಹರಿದು ಬರುತ್ತಿತ್ತು. ಕಿಟಕಿಯಲ್ಲಿ ಅಮ್ಮನ ನೆರಳು ಕಂಡಿತು. "ಅಮ್ಮಾ! ಗ್ಯಾಸು! ಹಚ್ಚಬೇಡಿ, ಏನೂ ಮುಟ್ಟಬೇಡಿ!" ಎಂದು ಅವರು ಕೂಗಿದ ಕೂಗಿಗೆ ಓಣಿಯವರೆಲ್ಲ ಎದ್ದರು. ಅಷ್ಟು ಹೊತ್ತಿಗೆ ಲೈಟರ್ ಅಮ್ಮನ ಕೈಗೆ ಸಿಕ್ಕಿತ್ತು.

ನಾವು ಎದ್ದು ಓಡಿ ಬಂದಾಗ ನಮ್ಮಲ್ಲೊಬ್ಬ ಮೊದಲು ಮಾಡಿದ ಕೆಲಸವೆಂದರೆ ದೀಪದ ಸ್ವಿಚ್ಚಿಗೆ ಕೈ ಹಾಕಿದ್ದು. ಅಷ್ಟರಲ್ಲಿ ಒಳಗೆ ಬಂದಿದ್ದ ಟೀಚರಮ್ಮ, ತರಗತಿಯಲ್ಲಿ ಹೊಡೆಯುತ್ತಿದ್ದ ಹಾಗೆಯೇ ಅವನ ಕೈಗೆ ಹೊಡೆದರು. ಸ್ವಿಚ್ಚಿನೊಳಗೆ ಕಿಡಿ ಹಾರುತ್ತದೆ. ಹಾಕಿದರೂ ಹಾರುತ್ತದೆ, ಆರಿಸಿದರೂ ಹಾರುತ್ತದೆ. ರೆಗ್ಯುಲೇಟರ್ ಬಂದ್ ಮಾಡಿ, ಕಳಚಿ, ದಾರದಲ್ಲಿ ನೇತಾಡುವ ಮುಚ್ಚಳವನ್ನು ಸಿಲಿಂಡರಿನ ಬಾಯಿಗೆ ಕೂಡಿಸಿ, ಕಿಟಕಿ ಬಾಗಿಲು ತೆರೆದು ಎಲ್ಲರೂ ಹೊರಗೆ ಬಂದೆವು. ಪುಣ್ಯಕ್ಕೆ ಫ್ರಿಜ್ಜು ನಡುಮನೆಯಲ್ಲಿತ್ತು. ಅದು ತಾನಾಗಿಯೇ ಚಾಲೂ ಆಗಿ ತಾನಾಗಿಯೇ ನಿಲ್ಲುವ ಯಂತ್ರ, ಅದರೊಳಗಿನ ಕಿಡಿಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಬೆಳಕು ಹರಿಯುವವರೆಗೆ ನಾವೆಲ್ಲ ಟೀಚರಮ್ಮನ ಜಗಲಿಯಲ್ಲಿ ಕುಳಿತಿದ್ದೆವು. ಭಾಭಿ ಮೆಲ್ಲಗೆ ಕೇಳಿದರು, "ಅಮ್ಮಾ, ನಿಮಗೆ ವಾಸನೆ ಬರಲಿಲ್ವಾ?"

ಅಮ್ಮ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಇಲ್ಲ" ಎಂದರು. "ಆಸ್ಪತ್ರೆಯಿಂದ ಬಂದಾಗಿನಿಂದ ಇಲ್ಲ. ಯಾವುದೂ ಬರೋದಿಲ್ಲ."

ಎಂಟು ತಿಂಗಳು. ಎಂಟು ತಿಂಗಳು ಅಮ್ಮ ಮೂಗಿಲ್ಲದೆ ಅಡಿಗೆ ಮಾಡಿದ್ದರು. ಈರುಳ್ಳಿಯ ಬಣ್ಣ ನೋಡಿ, ಒಗ್ಗರಣೆಯ ಸದ್ದು ಕೇಳಿ, ಗಡಿಯಾರದ ಮುಳ್ಳು ನೋಡಿ. ಸಂತೆಯಲ್ಲಿ ಮಾವಿನಹಣ್ಣನ್ನು ಮೊದಲಿನ ಹಾಗೆಯೇ ಮೂಗಿಗೆ ಹಿಡಿದು ಆರಿಸಿದ್ದನ್ನು ನಾವು ಕಣ್ಣಾರೆ ಕಂಡಿದ್ದೆವು. ಅದು ಬರೀ ಅಭಿನಯ. ರಾತ್ರಿ ಬಗ್ಗಿ ಸಿಲಿಂಡರ್ ಮೂಸುತ್ತಿದ್ದುದೂ ಅಭಿನಯವೇ.

"ಯಾಕಮ್ಮಾ ಹೇಳಲಿಲ್ಲ?"

"ಹೇಳಿದ್ರೆ ಅಡಿಗೆಮನೆಗೆ ಹೋಗಬೇಡ ಅಂತಿದ್ರಿ. ಆಮೇಲೆ ನಾನು ಇಡೀ ದಿನ ಏನು ಮಾಡಲಿ?"

ಈ ಮಾತಿಗೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ನಾವು ಸರಿಸಿದ ತಟ್ಟೆಗಳು ಒಂದೊಂದಾಗಿ ನೆನಪಿಗೆ ಬಂದವು.

ಮೆಕ್ಯಾನಿಕ್ ಬಂದದ್ದು ಎಂಟು ಗಂಟೆಗೆ. ಪಿನ್ನಿನಿಂದ ಸಿಲಿಂಡರಿನ ಬಾಯಿಯೊಳಗಿನ ಕಪ್ಪು ರಬ್ಬರ್ ಉಂಗುರವನ್ನು ಎತ್ತಿ ಅಂಗೈಯಲ್ಲಿಟ್ಟು ತೋರಿಸಿದ. ಒಂದು ಕಡೆ ಸೀಳಿತ್ತು. ಬೆರಳಿನ ಉಂಗುರಕ್ಕಿಂತ ದೊಡ್ಡದಲ್ಲ. ರೆಗ್ಯುಲೇಟರ್ ಚಾಲೂ ಇರುವಷ್ಟು ಹೊತ್ತೂ ಆ ಸೀಳಿನಿಂದ ಅನಿಲ ಸೋರುತ್ತಿತ್ತು. ಬಂದ್ ಮಾಡಿದ್ದರೆ ಒಳಗಿನ ಕವಾಟ ಮುಚ್ಚಿ ಸೋರಿಕೆ ನಿಲ್ಲುತ್ತಿತ್ತು. ಅಂದರೆ, ಕಾರಣವೇ ಗೊತ್ತಿಲ್ಲದೆ ಅಮ್ಮ ಪಾಲಿಸುತ್ತಿದ್ದ ನಿಯಮ ಅಕ್ಷರಶಃ ಸರಿಯಾಗಿತ್ತು. ನಾವು ಮರೆತದ್ದು ಅದನ್ನೇ.

ಆಮೇಲೆ ನಾವು ಓದಿ, ಕೇಳಿ ತಿಳಿದುಕೊಂಡ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇವೆ. ಮೂವತ್ತು ವರ್ಷ ಬಳಸಿದ ವಸ್ತುವಿನ ಬಗ್ಗೆ ನಮಗೆ ಎಷ್ಟು ಕಡಿಮೆ ಗೊತ್ತಿತ್ತೆಂದು ನಾಚಿಕೆಯಾಯಿತು. ಮೊದಲನೆಯದು, ಗ್ಯಾಸಿಗೆ ಹೇಳಿಕೊಳ್ಳುವಂಥ ವಾಸನೆಯೇ ಇಲ್ಲ. ನಮ್ಮ ಸಿಲಿಂಡರಿನಲ್ಲಿರುವ ಪ್ರೊಪೇನ್ ಮತ್ತು ಬ್ಯೂಟೇನ್ ಮೂಗಿಗೆ ಸಿಗುವಂಥವಲ್ಲ. ನಾವು ಗ್ಯಾಸಿನ ವಾಸನೆ ಎನ್ನುವುದು ಬೇಕೆಂದೇ ಬೆರೆಸಿದ ಇಥೈಲ್ ಮರ್‌ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತದ ವಾಸನೆ. ನೂರು ಕೋಟಿ ಭಾಗ ಗಾಳಿಯಲ್ಲಿ ಸುಮಾರು ಒಂದು ಭಾಗ ಇದ್ದರೂ ಒಳ್ಳೆಯ ಮೂಗು ಅದನ್ನು ಹಿಡಿಯುತ್ತದೆ. ತಮಾಷೆಯೆಂದರೆ, ಕಾಗದಕ್ಕಾಗಿ ಮರವನ್ನು ಗಂಧಕದ ಲವಣಗಳಲ್ಲಿ ಬೇಯಿಸುವ ಕಾರ್ಖಾನೆಗಳ ಕೊಳೆತ ಕೋಸಿನ ನಾತವೂ ಇದೇ ಕುಲದ ಮರ್‌ಕ್ಯಾಪ್ಟನ್‌ಗಳದು. ನಮ್ಮ ಊರಿನ ವಾಸನೆಯೂ ನಮ್ಮ ಒಲೆಯ ವಾಸನೆಯೂ ದಾಯಾದಿಗಳು.

ಈ ವಾಸನೆಗೆ ಒಂದು ದೊಡ್ಡ ಬೆಲೆ ತೆತ್ತ ಚರಿತ್ರೆಯಿದೆ. ಅಮೆರಿಕದ ಟೆಕ್ಸಾಸ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ 1937ರ ಮಾರ್ಚ್ 18ರ ಮಧ್ಯಾಹ್ನ, ಕಟ್ಟಡದ ಅಡಿಯಲ್ಲಿ ಸೋರಿ ತುಂಬಿದ್ದ ನೈಸರ್ಗಿಕ ಅನಿಲ ಸ್ಫೋಟಿಸಿತು. ಆ ಅನಿಲಕ್ಕೆ ಯಾವ ವಾಸನೆಯೂ ಇರಲಿಲ್ಲ. ಒಂದು ವಿದ್ಯುತ್ ಉಪಕರಣದ ಕಿಡಿ ಸಾಕಾಯಿತು. ಮುನ್ನೂರರ ಸಮೀಪ ಜೀವಗಳು ಹೋದವು, ಹೆಚ್ಚಿನವರು ಮಕ್ಕಳು. ಅದಾದ ಮೇಲೆಯೇ ಟೆಕ್ಸಾಸಿನಲ್ಲಿ ಅನಿಲಕ್ಕೆ ವಾಸನೆ ಬೆರೆಸುವುದು ಕಡ್ಡಾಯವಾಯಿತು, ಬೇರೆ ಕಡೆಗಳಲ್ಲೂ ಆ ರೂಢಿ ಹಬ್ಬಿತು. ಅದೇ 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕೆಲಸಗಾರರು ಒಂದು ವಿಚಿತ್ರ ಕಂಡುಕೊಂಡಿದ್ದರು. ಅನಿಲದ ಕೊಳವೆ ಎಲ್ಲಿ ಸೋರುತ್ತಿದೆಯೋ ಅಲ್ಲಿ ಆಕಾಶದಲ್ಲಿ ಟರ್ಕಿ ರಣಹದ್ದುಗಳು ಸುತ್ತುತ್ತಿದ್ದವು. ಕೊಳೆಯುವ ಮಾಂಸದಿಂದಲೂ ಇದೇ ಮರ್‌ಕ್ಯಾಪ್ಟನ್ ಹೊರಡುತ್ತದೆ. ಹದ್ದುಗಳು ಊಟವೆಂದು ಬಂದಿದ್ದವು.

ಎರಡನೆಯದು, ನಮ್ಮ ಎಲ್.ಪಿ.ಜಿ. ಗಾಳಿಗಿಂತ ಭಾರ. ಅದು ಮೇಲೇರುವುದಿಲ್ಲ, ನೀರಿನಂತೆ ನೆಲದಲ್ಲಿ ಹರಡಿ ತಗ್ಗು ಹುಡುಕುತ್ತದೆ. ಹಾಗಾಗಿಯೇ ಅದು ಕಂಡಿಯ ಮೂಲಕ ಓಣಿಗೆ ಹರಿದು ಟೀಚರಮ್ಮನನ್ನು ಮುಟ್ಟಿತು. ಗಾಳಿಯಲ್ಲಿ ನೂರಕ್ಕೆ ಸುಮಾರು ಎರಡು ಭಾಗ ಅನಿಲ ಸೇರಿದರೆ ಸಾಕು, ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಅದರ ಐದನೆಯ ಒಂದು ಭಾಗದಷ್ಟಿರುವಾಗಲೇ ವಾಸನೆ ಗೊತ್ತಾಗಬೇಕು ಎಂಬ ಲೆಕ್ಕದಲ್ಲಿ ಮರ್‌ಕ್ಯಾಪ್ಟನ್ ಬೆರೆಸುತ್ತಾರೆ. ದೊಡ್ಡ ಊರುಗಳಲ್ಲಿ ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲದ ಸ್ವಭಾವ ಬೇರೆ. ಅದು ಹಗುರ, ಸೂರಿನ ಕಡೆಗೆ ಏರುತ್ತದೆ.

ಮೂರನೆಯದು, ವಾಸನೆಯನ್ನು ಪೂರ್ತಿ ನಂಬುವಂತಿಲ್ಲ. ಮೂಗು ಬೇಗ ಒಗ್ಗಿಕೊಳ್ಳುತ್ತದೆ. ಸಣ್ಣ ಸೋರಿಕೆಯ ನಡುವೆಯೇ ಇದ್ದವರಿಗೆ ಸ್ವಲ್ಪ ಹೊತ್ತಿಗೆ ಏನೂ ಗೊತ್ತಾಗುವುದಿಲ್ಲ, ಕಾಗದ ಕಾರ್ಖಾನೆಯ ನೆರಳಿನಲ್ಲಿ ನಮಗೆ ಗೊತ್ತಾಗದೆ ಹೋದ ಹಾಗೆ. ನೆಗಡಿಯಾದಾಗ ಮೂಗು ಕೆಲಸ ಮಾಡುವುದಿಲ್ಲ. ವಯಸ್ಸಾದಂತೆ ಅದು ಮಂದವಾಗುತ್ತದೆ. ಕೊರೋನಾ ಬಂದ ಮೇಲಂತೂ ಅಸಂಖ್ಯ ಜನರಿಗೆ ವಾಸನೆ ಹೋಯಿತು. ಹೆಚ್ಚಿನವರಿಗೆ ವಾರಗಳಲ್ಲಿ ತಿರುಗಿ ಬಂತು, ಕೆಲವರಿಗೆ ಬರಲಿಲ್ಲ. ಕಣ್ಣು ಹೋದರೆ ಮನೆಯವರಿಗೆ ತಿಳಿಯುತ್ತದೆ, ಕಿವಿ ಹೋದರೂ ತಿಳಿಯುತ್ತದೆ. ಮೂಗು ಹೋದದ್ದು ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ.

ಹಾಗಾದರೆ ಮೂಗಿಗೆ ಬದಲೇನು? ಮೆಕ್ಯಾನಿಕ್ ಅಂದು ಅಮ್ಮನ ಮುಂದೆಯೇ ಒಂದು ಲೋಟದಲ್ಲಿ ಸೋಪಿನ ಪುಡಿ ಕಲಸಿ, ನೊರೆಯನ್ನು ಬೆರಳಲ್ಲಿ ಅದ್ದಿ ರೆಗ್ಯುಲೇಟರಿನ ಕೊರಳಿಗೆ, ಪೈಪಿನ ಎರಡೂ ತುದಿಗೆ, ಒಲೆಯ ಗುಂಡಿಗಳ ಬುಡಕ್ಕೆ ಹಚ್ಚಿದ. ಒಲೆಯ ಗುಂಡಿಗಳೆಲ್ಲ ಆರಿರಬೇಕು, ರೆಗ್ಯುಲೇಟರ್ ಮಾತ್ರ ಚಾಲೂ ಇರಬೇಕು. ಸೋರುವಲ್ಲಿ ಗುಳ್ಳೆ ಏಳುತ್ತದೆ. ಬೆಂಕಿಕಡ್ಡಿ ಎಂದೆಂದಿಗೂ ಬೇಡ. ಹೊಸ ಸಿಲಿಂಡರ್ ಬಂದಾಗ ಮುಚ್ಚಳ ತೆಗೆದು ಬಾಯಿಗೆ ನಾಲ್ಕು ಹನಿ ನೀರು ಬಿಟ್ಟರೆ ಒಳಗಿನ ಕವಾಟ ಸೋರುತ್ತಿದೆಯೇ ಎಂಬುದು ಗುಳ್ಳೆಯಿಂದಲೇ ಗೊತ್ತಾಗುತ್ತದೆ. ರಬ್ಬರ್ ಉಂಗುರ ಇದೆಯೇ, ಸೀಳಿದೆಯೇ ಎಂದು ಕಣ್ಣಿಗೇ ಕಾಣುತ್ತದೆ. ಇದನ್ನು ಮಾಡಿ ತೋರಿಸುವುದು, 14.2 ಕಿಲೋ ತೂಗಿ ಕೊಡುವುದು ತಂದವರ ಕರ್ತವ್ಯ, ಕೇಳುವುದು ನಮ್ಮ ಹಕ್ಕು. ಸಿಲಿಂಡರಿನ ಕೊರಳಿನ ಪಟ್ಟಿಯ ಮೇಲೆ ಒಂದು ಅಕ್ಷರ, ಎರಡು ಅಂಕಿ ಬರೆದಿರುತ್ತದೆ. ಇಂಗ್ಲಿಷಿನ ಎ ಎಂದರೆ ವರ್ಷದ ಮೊದಲ ಮೂರು ತಿಂಗಳು, ಬಿ, ಸಿ, ಡಿ ಎಂದರೆ ಮುಂದಿನ ಮೂರು ಮೂರು ತಿಂಗಳು, ಅಂಕಿ ಇಸವಿಯದು. ಆ ಅವಧಿಯ ಹೊತ್ತಿಗೆ ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಒಳಪಡಿಸಬೇಕು. ಅವಧಿ ದಾಟಿದ್ದನ್ನು ಒಳಗೆ ಬಿಟ್ಟುಕೊಳ್ಳಬಾರದು. ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ನಮ್ಮ ಪೈಪಿನ ಮೇಲಿನ ಇಸವಿ ನೋಡಿ ಮೆಕ್ಯಾನಿಕ್ ನಕ್ಕ, ನಾವು ತಲೆ ತಗ್ಗಿಸಿದೆವು. ಸೋರಿಕೆಯಾದರೆ ಕರೆಯಲು 1906 ಎಂಬ ಸಂಖ್ಯೆ 2016ರಿಂದಲೇ ಇದೆ. ಆದರೆ ಕರೆಯನ್ನು ಮನೆಯ ಹೊರಗೆ ಬಂದು ಮಾಡಬೇಕು.

ಒಂದು ಅಲಾರಂ ಕೂಡ ತಂದೆವು. ಗ್ಯಾಸು ನೆಲದಲ್ಲಿ ಹರಿಯುವುದರಿಂದ ಅದನ್ನು ನೆಲದಿಂದ ಒಂದಡಿ ಎತ್ತರಕ್ಕೆ ಹಾಕಿಸಿದೆವು. ಅಮ್ಮನಿಗೆ ಮೊದಮೊದಲು ಅದರ ಮೇಲೆ ಕೋಪ, ತಮ್ಮ ಜಾಗಕ್ಕೆ ಯಾರನ್ನೋ ನೇಮಿಸಿದ ಹಾಗೆ. ಒಂದು ದಿನ ಮದುವೆಗೆ ಹೊರಟ ಮೊಮ್ಮಗ ಅಡಿಗೆಮನೆಯಲ್ಲಿ ನಿಂತು ಬಾಡಿ ಸ್ಪ್ರೇ ಹೊಡೆದುಕೊಂಡ. ಅಲಾರಂ ಓಣಿಗೆಲ್ಲ ಕೇಳುವ ಹಾಗೆ ಅರಚಿತು. "ಗ್ಯಾಸಿಗೂ ಸೆಂಟಿಗೂ ವ್ಯತ್ಯಾಸ ಗೊತ್ತಿಲ್ಲದ ಮೂಗು" ಎಂದು ಅಮ್ಮ ಬಹಳ ದಿನದ ಮೇಲೆ ಮನಸಾರೆ ನಕ್ಕರು.

ಮೂಗಿನ ಡಾಕ್ಟರರು ಒಂದು ಅಭ್ಯಾಸ ಹೇಳಿಕೊಟ್ಟರು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆ ಈ ನಾಲ್ಕನ್ನು ದಿನಕ್ಕೆರಡು ಬಾರಿ ಮೂಸಿ, ಪ್ರತಿಯೊಂದರ ವಾಸನೆಯನ್ನೂ ನೆನಪಿಸಿಕೊಳ್ಳಬೇಕು. ಅಮ್ಮ ಕಣ್ಣು ಮುಚ್ಚಿ ನಾಲ್ಕು ಡಬ್ಬಿಗಳನ್ನು ಮೂಸುತ್ತಾ ಕೂರುತ್ತಿದ್ದರು. ಐದಾರು ತಿಂಗಳ ಮೇಲೆ ಒಂದು ಬೆಳಿಗ್ಗೆ, "ಲವಂಗ... ದೂರದಲ್ಲಿ ಎಲ್ಲೋ" ಎಂದರು. ಅಷ್ಟೇ. ಅದಕ್ಕಿಂತ ಹೆಚ್ಚು ಇನ್ನೂ ಬಂದಿಲ್ಲ.

ನಮ್ಮನ್ನು ಕಾಡುವುದು ನಮ್ಮ ಮನೆಯ ಮಾತಷ್ಟೇ ಅಲ್ಲ. 2016ರಲ್ಲಿ ಉಜ್ವಲಾ ಯೋಜನೆ ಶುರುವಾದ ಮೇಲೆ ಕಟ್ಟಿಗೆಯ ಹೊಗೆಯಲ್ಲಿ ಬದುಕಿದ ಕೋಟಿಗಟ್ಟಲೆ ಮನೆಗಳಿಗೆ ಸಿಲಿಂಡರ್ ಬಂದಿದೆ. ಒಳ್ಳೆಯದೇ ಆಯಿತು. ಅದರ ಜೊತೆಗೆ ಸೋಪಿನ ನೊರೆಯ ಪಾಠವೂ ಎಲ್ಲ ಮನೆಗೆ ಬಂದಿದೆಯೇ? ಮಕ್ಕಳು ಬೆಂಗಳೂರಿಗೋ ದುಬೈಗೋ ಹೋಗಿ, ವಯಸ್ಸಾದವರು ಇಬ್ಬರೇ ಇರುವ ಮನೆಗಳು ನಮ್ಮ ಓಣಿಯಲ್ಲಿಯೇ ನಾಲ್ಕಿವೆ. ನಾವು ದಿನಾ ಫೋನಿನಲ್ಲಿ ಬಿಪಿ ಕೇಳುತ್ತೇವೆ, ಸಕ್ಕರೆ ಕೇಳುತ್ತೇವೆ. "ವಾಸನೆ ಬರುತ್ತಾ?" ಎಂದು ಕೇಳಿದವರು ಯಾರು? ಮನೆಯ ಎಲ್ಲರ ಜೀವವನ್ನು ಒಬ್ಬಳ ಮೂಗಿನ ಮೇಲೆ ಬಿಟ್ಟು, ಆ ಮೂಗು ಇದೆಯೋ ಹೋಯಿತೋ ಎಂದು ಕೂಡ ನೋಡದೆ ನಾವು ಮಲಗಿದ್ದೆವು. ಉಪ್ಪು ಹೆಚ್ಚಾದಾಗ ಮಾತ್ರ ನಮಗೆ ಅಮ್ಮನ ನೆನಪು.

ಮೊನ್ನೆ ಸಿಲಿಂಡರ್ ಬಂತು. ಹೊಸ ಹುಡುಗ. ಇಳಿಸಿ ಹೊರಟವನನ್ನು ಅಮ್ಮ ಗೇಟಿನಲ್ಲೇ ತಡೆದರು. "ನಿಲ್ಲಪ್ಪ. ಮುಚ್ಚಳ ತೆಗೆದು ನೀರು ಹಾಕು."

"ಎಲ್ಲಾ ಸರಿ ಇದೆ ಅಜ್ಜಿ. ವಾಸನೆ ಬಂದ್ರೆ ಫೋನ್ ಮಾಡಿ, ಬರ್ತೀನಿ."

ಓಣಿಯಲ್ಲಿ ಜನರಿದ್ದರು, ಟೀಚರಮ್ಮನೂ ಇದ್ದರು. ಅಮ್ಮ ಯಾರಿಗೂ ಮುಚ್ಚುಮರೆ ಮಾಡದೆ ಗಟ್ಟಿಯಾಗಿಯೇ ಹೇಳಿದರು: "ನನಗೆ ವಾಸನೆ ಬರೋದಿಲ್ಲಪ್ಪ. ಕಣ್ಣು ಕಾಣುತ್ತೆ. ನೀರು ಹಾಕಿ ತೋರಿಸು."

ಹುಡುಗ ನೀರು ಹಾಕಿದ. ಅಮ್ಮ ಕನ್ನಡಕ ಸರಿಮಾಡಿಕೊಂಡು, ಮಂಡಿಯ ಮೇಲೆ ಕೈಯೂರಿ ಬಗ್ಗಿದರು. ನಾವೂ ಅವರ ಪಕ್ಕದಲ್ಲಿ ಬಗ್ಗಿ ನೋಡಿದೆವು. ಗುಳ್ಳೆ ಏಳಲಿಲ್ಲ.